ಎರ್ರಿಯಪ್ಪನ ಅಂಗಾಲು

ಎರ್ರಿಯಪ್ಪ ಕಣ್ಣಿಗಿಂತ ಅಂಗಾಲನ್ನು ಹೆಚ್ಚು ನಂಬಿದವನು. ಮೋಟಾರ್‌ಸೈಕಲ್ಲಿನ ಮೇಲೆ ಕುಳಿತು ಗುಡ್ಡ ಹತ್ತಬೇಕೆಂಬ ಹುಚ್ಚು ಹಿಡಿದಿದ್ದ ಆ ಇಪ್ಪತ್ತೆರಡರ ತರುಣ, ಯಾವ ಹೊಸ ದಾರಿಯನ್ನಾದರೂ ಮೊದಲು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಹಿಮ್ಮಡಿಯನ್ನು ಊರಿ ಊರಿ, ಮಣ್ಣು ಎಲ್ಲಿ ಸಡಿಲ, ಕಲ್ಲು ಎಲ್ಲಿ ಅಲುಗುತ್ತದೆ ಎಂದು ಪರೀಕ್ಷಿಸುತ್ತ ನಡೆದು ಮುಗಿಸದ ಹೊರತು ಅದರ ಮೇಲೆ ಗಾಡಿ ಬಿಡುತ್ತಿರಲಿಲ್ಲ. ಹೆಂಗಸರು ಒಂದು ಅಗುಳು ಹಿಚುಕಿ ಅನ್ನ ಬೆಂದಿತೇ ಎಂದು ನೋಡುವಷ್ಟೇ ನಿರಾಯಾಸವಾಗಿ ಅವನು ನೆಲವನ್ನು ನೋಡುತ್ತಿದ್ದ. ಕಡೆಕಡೆಗೆ ಅವನ ನಡಿಗೆಯೇ ಹಾಗಾಗಿಬಿಟ್ಟಿತು. ಹೊಸಪೇಟೆಯ ಸಪಾಟು ಬಜಾರಿನಲ್ಲೂ ಏನೋ ಬೀಳಿಸಿಕೊಂಡವನಂತೆ ಬಗ್ಗಿಕೊಂಡು ಹೋಗುವನು. “ಏನು ಹುಡುಕ್ತೀಯೋ?” ಎಂದು ನಾನು ಚೇಷ್ಟೆ ಮಾಡಿದರೆ, “ಮೊದ್ಲು ಕಾಲಿಗೆ ತಿಳೀಬೇಕ್ರಿ ಮಾಸ್ತರ, ಆಮ್ಯಾಲೆ ಗಾಲಿಗೆ. ಹೌದಲ್ರಿ ಮತ್ತ?” ಎನ್ನುವನು. ಈ ‘ಹೌದಲ್ರಿ ಮತ್ತ’ ಇಲ್ಲದೆ ಅವನ ಯಾವ ಮಾತೂ ಮುಗಿಯುತ್ತಿರಲಿಲ್ಲ. ನಾವು ಹೌದೆನ್ನುವಷ್ಟರಲ್ಲಿ ಅವನು ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದ.

ನಾನಾಗ ಹೊಸಪೇಟೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಎರ್ರಿಯಪ್ಪ ನನ್ನ ಹಳೆಯ ಶಿಷ್ಯ. ವ್ಯಾಕರಣವನ್ನು ನನಗೇ ಬಿಟ್ಟುಕೊಟ್ಟು, ಅಕ್ಕಿ ಗಿರಣಿಯೊಂದರ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು. ಊರು ಬುಕ್ಕಸಾಗರ, ಅಲ್ಲಿ ತಾಯಿ ವಿರುಪಮ್ಮ, ಹೊಳೆದಂಡೆಯ ಎರಡು ಮಡಿ ಗದ್ದೆ. ಯಶವಂತನಗರದ ಗಣಿಯಲ್ಲಿದ್ದ ಬಿಳಿಯ ಎಂಜಿನಿಯರೊಬ್ಬ ಸೀಮೆಗೆ ಹಿಂದಿರುಗುವಾಗ, ಕೆಟ್ಟು ಕುಳಿತಿದ್ದ ತನ್ನ ಮೋಟಾರ್‌ಸೈಕಲ್ಲನ್ನು ಇವನಿಗೆ ಕೊಟ್ಟು ಹೋದ. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಂದ ಆ ಕಬ್ಬಿಣದ ರಾಶಿಗೆ ಎರ್ರಿಯಪ್ಪ ಎಂಟು ತಿಂಗಳಲ್ಲಿ ಜೀವ ಬರಿಸಿದ. ಅದರ ಮೇಲೆ ಅವನು ಕುಳಿತ ವೇಷವನ್ನು ನೋಡಬೇಕಿತ್ತು: ಕೆಳಗೆ ಬಿಗಿದು ಕಟ್ಟಿದ ಕಚ್ಚೆ ಪಂಚೆ, ಮೇಲೆ ರೈಲ್ವೆಯವರ ಹಳೆಯ ನೀಲಿ ಕೋಟು. ಗುಂಡಿಗಳೆಲ್ಲ ಉದುರಿದ್ದ ಆ ಕೋಟಿನ ನಡುವಿಗೆ ಗೋಣಿದಾರ ಸುತ್ತಿ ಗಂಟು ಹಾಕುತ್ತಿದ್ದ. ಗುಂಡಿ ಹಚ್ಚಿಸಿಕೊಳ್ಳೋ ಮಾರಾಯಾ ಎಂದರೆ, “ಗುಂಡಿ ಹರೀತಾವ್ರಿ, ಗಂಟು ಹರಿಯಂಗಿಲ್ಲ. ಹೌದಲ್ರಿ ಮತ್ತ?” ಎಂದು ವಾದ ಹೂಡುವನು.

ಸಾವಿರದೊಂಬೈನೂರ ಮೂವತ್ತೊಂಬತ್ತರ ಜನವರಿಯ ಚಳಿಯಲ್ಲಿ ಗಣಿಯ ಅಧಿಕಾರಿಗಳು ಕೆಲವರು ಸೇರಿ ಒಂದು ಪಂದ್ಯ ಗೊತ್ತುಮಾಡಿದರು. ಹೊಸಪೇಟೆಯ ಹೊರವಲಯದಿಂದ ಹೊರಟು, ರಸ್ತೆಯ ಗೊಡವೆಗೆ ಹೋಗದೆ, ಅದಿರಿನ ಗಾಡಿಗಳು ಕೊರೆದ ಕೆಂಪು ಜಾಡಿನಲ್ಲಿ ಹಳ್ಳ ದಿಣ್ಣೆಗಳನ್ನು ಹಾಯ್ದು ಯಶವಂತನಗರ ಮುಟ್ಟಬೇಕು. ಮೊದಲು ಬಂದ ಒಬ್ಬನನ್ನು, ಒಬ್ಬನನ್ನೇ, ಮದ್ರಾಸಿನ ದೊಡ್ಡ ಪಂದ್ಯಕ್ಕೆ ತಮ್ಮ ಖರ್ಚಿನಲ್ಲಿ ಕಳಿಸುವುದಾಗಿ ಸಾರಿದರು. ಮದ್ರಾಸೆಂಬ ಹೆಸರು ಕೇಳಿದ್ದೇ ತಡ, ನಮ್ಮ ಎರ್ರಿಯಪ್ಪನಿಗೆ ಅನ್ನ ನೀರು ರುಚಿಸದಾಯಿತು. “ಗಿರಣ್ಯಾಗ ಸಾಯೋತನಕ ಎಣ್ಣಿ ಬಿಡಾದು ಇದ್ದೇ ಐತ್ರಿ. ಒಂದ್ ಸಲ, ಒಂದೇ ಸಲ, ನನ್ ಗಾಡಿ ಸಮುದ್ರದ ಊರಾಗ ಓಡ್ಬೇಕು” ಎಂದ. ಅಷ್ಟು ಹೊತ್ತು ‘ಹೌದಲ್ರಿ ಮತ್ತ’ ಹೇಳದೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಂದ್ಯಕ್ಕೆ ಮುನ್ನ ಆ ಜಾಡನ್ನು ನಾಲ್ಕು ಸಲ ನಡೆದ. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದ. ನನ್ನ ಬೂಟಿಗೆ ಮುಳ್ಳು, ಅವನ ಅಂಗಾಲಿಗೆ ಏನೂ ಇಲ್ಲ! ಈ ತಿರುವಿನಲ್ಲಿ ಮರಳು ಗೇಣುದ್ದ, ಈ ಹಳ್ಳದ ಎಡಕ್ಕೆ ಬಂಡೆ ಗಟ್ಟಿ, ಇಲ್ಲಿ ಬ್ರೇಕು ಹಿಡಿದರೆ ಕೆಟ್ಟೆ ಎಂದು ಅವನು ಒಪ್ಪಿಸುತ್ತಿದ್ದುದನ್ನು ಕೇಳಿದರೆ, ನನ್ನ ತರಗತಿಯಲ್ಲಿ ಅಮರಕೋಶವನ್ನು ಇದರ ಕಾಲುಭಾಗ ಒಪ್ಪಿಸಿದ್ದರೂ ಪಾಸಾಗುತ್ತಿದ್ದನಲ್ಲ ಎಂದು ಹೊಟ್ಟೆ ಉರಿಯಿತು.

ಇನ್ನು ಎರಡು ಮೈಲಿ ಇದೆ ಎನ್ನುವಲ್ಲಿ ಬೇವಿನ ಮರದ ಕೆಳಗೆ ಗಾಳೆಮ್ಮನ ಕಟ್ಟೆ. ಅರಿಸಿನ ಕುಂಕುಮ ಮೆತ್ತಿದ ಒಂದು ಗುಂಡುಕಲ್ಲು, ಅಷ್ಟೆ. ಆದರೆ ಸುತ್ತಿನ ಹಳ್ಳಿಯವರು ಯಾರೂ ಅದರ ಮುಂದೆ ಸವಾರಿ ಕುಳಿತು ಹೋಗುವುದಿಲ್ಲ. ಗಾಡಿಯವನು ಇಳಿದು ಎತ್ತಿನ ಹಗ್ಗ ಹಿಡಿದು ನಡೆಯುತ್ತಾನೆ, ಮದುವಣಗಿತ್ತಿಯಾದರೂ ಇಳಿದು ನಲವತ್ತು ಹೆಜ್ಜೆ ಹಾಕಿಯೇ ಮತ್ತೆ ಹತ್ತುತ್ತಾಳೆ. ಪಂದ್ಯದ ದಿನ ನಾನು ನೆರಳನ್ನು ನೋಡಿ ಆ ಕಟ್ಟೆಯ ಪಕ್ಕದಲ್ಲೇ ಕುಳಿತಿದ್ದೆ. ದೇವರ ವಿಷಯದಲ್ಲಿ ನನಗೆ ಅಂಥ ಶ್ರದ್ಧೆಯೇನಿಲ್ಲ. ನೆರಳಿನ ವಿಷಯದಲ್ಲಿ ಇದೆ.

ಬೆಳಗಿನ ಹತ್ತರ ಸುಮಾರಿಗೆ ಕೆಂಧೂಳಿಯ ಮೋಡವೊಂದು ದಿಣ್ಣೆ ಹತ್ತಿತು, ಮೋಡದೊಳಗಿಂದ ನೀಲಿ ಕೋಟು ಮೂಡಿತು. ಹನ್ನೊಂದು ಮಂದಿ ಸವಾರರಲ್ಲಿ ನಮ್ಮವನೇ ಮುಂದೆ! ನಾನು ವಯಸ್ಸನ್ನು ಮರೆತು ಎದ್ದು ನಿಂತು ಹೆಗಲ ಮೇಲಿನ ವಲ್ಲಿ ಬೀಸಿದೆ. ಅವನು ನನ್ನನ್ನು ನೋಡಲಿಲ್ಲ. ಕಟ್ಟೆಯನ್ನು ನೋಡಿದ. ನೋಡಿದವನ ಮುಖದಲ್ಲಿ ಒಂದು ಗಾಬರಿ ಹಾಯ್ದದ್ದನ್ನು ನಾನು ಕಂಡೆ, ಅದರ ಬೆನ್ನಿಗೇ ಅವನು ಬ್ರೇಕು ಒತ್ತಿ, ಎಂಜಿನ್ ಆರಿಸಿ, ಕೆಳಗಿಳಿದು, ಚಪ್ಪಲಿ ಕಳಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ, ಆ ಭಾರವಾದ ಗಾಡಿಯನ್ನು ಏರಿನಲ್ಲಿ ನೂಕತೊಡಗಿದ.

“ಹತ್ತೋ! ಹತ್ತಿ ಹೋಗೋ ಲೇ!” ಎಂದು ಕೂಗಿ ಗಂಟಲು ಹರಿದುಕೊಂಡೆ. ನಲವತ್ತು ಹೆಜ್ಜೆ. ಆಮೇಲೆ ಹತ್ತಿ ಕಿಕ್ ಹೊಡೆದರೆ ಕಾದ ಎಂಜಿನ್ ಹೊತ್ತಿಕೊಳ್ಳದು. ಆರು ಸಲ ಹೊಡೆದ. ಅಷ್ಟರಲ್ಲಿ ಬಳ್ಳಾರಿಯ ತರುಣನೊಬ್ಬ, ಗಾಳೆಮ್ಮನಾರೆಂದು ತಿಳಿಯದ ಪುಣ್ಯವಂತ, ಭರ್ರನೆ ಹಾಯ್ದುಹೋದ. ಎರ್ರಿಯಪ್ಪ ಯಶವಂತನಗರ ಮುಟ್ಟಿದಾಗ ಬಳ್ಳಾರಿಯವನು ಬಂದು ಅರ್ಧ ನಿಮಿಷವಾಗಿತ್ತಂತೆ.

ನಾನು ಗಣಿಯ ಲಾರಿಯೊಂದನ್ನು ಹಿಡಿದು ಅಲ್ಲಿಗೆ ಹೋಗುವಾಗ ಸಿಟ್ಟಿನಿಂದ ಕುದಿಯುತ್ತಿದ್ದೆ. ನೋಡಿದರೆ ಇವನು ಗೆದ್ದವನ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, “ಚೈನು ಭಾಳ ಸಡ್ಲ ಆಗೇತ್ರಿ. ಮದ್ರಾಸಿಗೆ ಹೋಗೋ ಮುಂಚೆ ಬಿಗಿ ಮಾಡಿಸ್ರಿ” ಎಂದು ಹೇಳುತ್ತಿದ್ದಾನೆ! ಪಕ್ಕಕ್ಕೆ ಕರೆದು ತರಾಟೆಗೆ ತೆಗೆದುಕೊಂಡೆ. ನಾಲ್ಕು ಸಲ ನಡೆದೆಯಲ್ಲ, ಕಟ್ಟೆಯ ಹಿಂದೆ ಬಳಸಿ ಹೋಗುವುದಕ್ಕೊಂದು ಜಾಡು ನೋಡಿಟ್ಟುಕೊಳ್ಳಬಾರದಿತ್ತೇ?

ಅವನು ಹೇಳಿದ: “ಅದೇ ತಪ್ಪಾತ್ರಿ ಮಾಸ್ತರ. ನಾಕೂ ಸಲ ನಡಕೊಂಡೇ ಹೋಗಿದ್ನಲ್ರಿ. ನಡಿಯಾವಗ ಇಳಿಯೋ ಜಾಗ ಹ್ಯಾಂಗ್ ನೆಪ್ಪಾಗ್ತೈತಿ?” ಹಾಗೆಂದವನೇ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಕಲ್ಲು, ಮರಳು, ಮುಳ್ಳು ಎಲ್ಲವನ್ನೂ ಹೇಳಿಕೊಟ್ಟಿದ್ದ ಕಾಲು ಅದೊಂದನ್ನು ಮಾತ್ರ ಹೇಳಿರಲಿಲ್ಲ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಬದಲಿಗೆ ತಡೆಯಲಾರದ ದುಃಖವಾಯಿತು.

ಮರುದಿನ ಬುಕ್ಕಸಾಗರಕ್ಕೆ ಅವನೊಂದಿಗೆ ನಾನೂ ಹೋದೆ. ವಿರುಪಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮಗನಿಗೆ ರೊಟ್ಟಿ ಬಡಿಸುತ್ತ ನುಡಿದಳು: “ಅಯ್ಯ ನನ್ನಪ್ಪ, ಒಂದ್ ದಿನ ಕುಂತೇ ಹೋಗಿದ್ರ ಗಾಳೆಮ್ಮ ಏನಂತಿದ್ಲೋ? ಅಕಿಗೂ ಮಕ್ಳದಾವು.”

“ಅಕಿ ಏನೂ ಅನ್ನಂಗಿಲ್ಲಬೇ, ನಂಗೂ ಗೊತ್ತೈತಿ” ಎಂದ ಎರ್ರಿಯಪ್ಪ. “ನನ್ ಕಾಲು ಕೇಳ್ಬೇಕಲ್ಲ.”

ಆ ವರ್ಷವೇ ಯುದ್ಧ ಹತ್ತಿತು, ಪಂದ್ಯ ಮತ್ತೆ ನಡೆಯಲಿಲ್ಲ. ಎರ್ರಿಯಪ್ಪ ಮದ್ರಾಸನ್ನು ನೋಡಲೇ ಇಲ್ಲ.

ಇಂಥವರನ್ನು ದೈವಭೀರುಗಳೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ದೇವಿ ಕ್ಷಮಿಸುತ್ತಾಳೆಂದು ಬಲ್ಲವನು, ತಾಯಿ ಕ್ಷಮಿಸುತ್ತಾಳೆಂದು ಬಲ್ಲವನು, ಯಾರ ಭಯದಿಂದ ಇಳಿದಾನು? ಯೋಚಿಸಲು ವ್ಯವಧಾನವಿದ್ದರೆ ಅವರೂ ನಮ್ಮ ಹಾಗೆ ಒಂದು ಸಬೂಬನ್ನು ಹುಡುಕಿಕೊಳ್ಳುತ್ತಿದ್ದರೋ ಏನೋ; ಬದುಕು ಆ ವ್ಯವಧಾನವನ್ನು ಕೊಡದೆ ಎದುರು ನಿಂತಾಗ, ಅವರು ಇಷ್ಟು ದಿನ ಹೇಗೆ ಬಾಳಿದ್ದರೋ ಹಾಗೆಯೇ ನಡೆದುಬಿಡುತ್ತಾರೆ, ಆಮೇಲೆ ಅತ್ತು ಕಣ್ಣೊರೆಸಿಕೊಳ್ಳುತ್ತಾರೆ. ಅವನ ಜಾಗದಲ್ಲಿ ನಾನಿದ್ದರೆ ಹಿಂದಿರುಗಿ ನೋಡದೆ ಹೋಗಿಬಿಡುತ್ತಿದ್ದೆ, ಮದ್ರಾಸಿನಲ್ಲಿ ಸಮುದ್ರವನ್ನೂ ನೋಡಿ ಬರುತ್ತಿದ್ದೆ. ಮತ್ತು ನನ್ನನ್ನು ಕುರಿತು ಹೀಗೆ ಕುಳಿತು ಬರೆಯಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.