ಎಂಬತ್ತೇಳು ಹರ್ಟ್ಜ್

ನಮ್ಮ ಭೂದಾಖಲೆ ಕಚೇರಿಗೆ ಹೊಸ ಕಂಪ್ಯೂಟರ್ ಪರದೆಗಳು ಬಂದದ್ದು ತೊಂಬತ್ತೊಂದರ ಶರತ್ಕಾಲದಲ್ಲಿ. ಜೋಡಿಸಿದವನು ನಾನು, ಟೂರ್ಗ್ನಿ. ಉತ್ತರ ಸ್ವೀಡನ್ನಿನ ಆ ಸಣ್ಣ ಊರಿನಲ್ಲಿ ಇಂಥ ಕೆಲಸ ಬಲ್ಲವನು ನಾನೊಬ್ಬನೇ ಎಂಬ ಜಂಬ ಬೇರೆ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡಬೇಕೆಂದು ಆರಿಸಬೇಕಿತ್ತು. ಅರವತ್ತು, ಎಪ್ಪತ್ತೆರಡು, ಎಂಬತ್ತೇಳು ಹರ್ಟ್ಜ್ ಎಂದು ಪಟ್ಟಿಯಲ್ಲಿತ್ತು. ಹೆಚ್ಚಿದಷ್ಟೂ ಕಣ್ಣಿಗೆ ಹಿತ ಎಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಎಲ್ಲ ಪರದೆಗಳಿಗೂ ಎಂಬತ್ತೇಳು ಇಟ್ಟು ಮೀಸೆ ತಿರುವಿಕೊಂಡೆ.

ಸಿಗ್ನೆಗೆ ತಲೆನೋವು ಶುರುವಾದದ್ದು ಆ ಚಳಿಗಾಲದಲ್ಲೇ. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಉಳಿದವರು ಗಂಟೆಗೆ ನಾಲ್ಕು ಸಲ ಎದ್ದು ಓಡಾಡುವವರಾದರೆ ಅವಳು ಬೆಳಗ್ಗೆ ಕೂತರೆ ಸಂಜೆಯವರೆಗೂ ಜಮೀನಿನ ಪಟ್ಟಿಗಳನ್ನು ತಿದ್ದುತ್ತಲೇ ಇರುವವಳು. ಗೆರೆಗಳು ನಡುಗುತ್ತವೆ, ವಾಂತಿ ಬಂದಂತಾಗುತ್ತದೆ ಎಂದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಎಂಬತ್ತೇಳಿದೆ ಕಣೇ! ಇಡೀ ಜಿಲ್ಲೇಲಿ ಇಂಥಾ ಪರದೆ ಇಲ್ಲ" ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆಮೇಲೆ ರಜೆಯ ಮೇಲೆ ರಜೆ ಹಾಕಿದಳು. ಕಣ್ಣಿನಲ್ಲಿ ದೋಷ ಸಿಗಲಿಲ್ಲ, ಪರದೆಯಲ್ಲಿ ದೋಷವಿಲ್ಲವೆಂದು ನಾನೇ ಬರೆದುಕೊಟ್ಟೆ. ಕೊನೆಗೆ ವೈದ್ಯರು ಇದು ಮನಸ್ಸಿನ ಕಾಯಿಲೆ ಎಂದರು. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೊಂದು ಶುಕ್ರವಾರ ಹತ್ತು ಗಂಟೆಗೆ ಸಭೆ ನಿಗದಿಯಾಯಿತು. ಅಲ್ಲಿ ಅವಳು ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದರೆ ಐವತ್ತೈದನೇ ವಯಸ್ಸಿಗೇ ಕೆಲಸ ಮುಗಿದಂತೆ, ಅದೂ ತಲೆ ಸರಿಯಿಲ್ಲದವಳೆಂಬ ಕಾರಣಕ್ಕೆ.

ಆ ವಾರದ ಬುಧವಾರ ಮೂರು ಗಂಟೆಗೆ ಎಲ್ಲರೂ ಕಾಫಿ ಕೋಣೆಯಲ್ಲಿದ್ದರು. ನಮ್ಮಲ್ಲಿ ಆ ಹೊತ್ತಿನ ಕಾಫಿ ತಪ್ಪಿಸುವವರು ಯಾರೂ ಇಲ್ಲ. ಸಿಗ್ನೆ ಮಾತ್ರ ಮುಖ ತೋರಿಸಲಾರದೆ ತನ್ನ ಮೇಜಿನ ಬಳಿಯೇ ಕೂತು ಖಾನೆ ಖಾಲಿ ಮಾಡುತ್ತಿದ್ದಳು. ರೈ ಹಿಟ್ಟಿನ ಒಣರೊಟ್ಟಿ ಕಡಿಯುತ್ತಿದ್ದವಳು ನನ್ನನ್ನು ಕರೆದಳು.

"ಟೂರ್ಗ್ನಿ, ಬಾ ಇಲ್ಲಿ. ಇದನ್ನ ಕಡೀತಾ ಪರದೆ ನೋಡು. ನಗಬೇಡ."

ಅವಳ ಸಮಾಧಾನಕ್ಕೆಂದು ಕಡಿದೆ. ಒಂದೊಂದು ಕಡಿತಕ್ಕೂ ಪಟ್ಟಿಯ ಗೆರೆಗಳು ನೀರಿನಲ್ಲಿಟ್ಟಂತೆ ಕುಣಿದವು. ಪಕ್ಕದ ಕಾಗದ ನೋಡುತ್ತ ಕಡಿದೆ, ಅಕ್ಷರ ಅಲುಗಲಿಲ್ಲ. ಮತ್ತೆ ಪರದೆ ನೋಡಿದೆ, ಮತ್ತೆ ಕುಣಿದವು. ತಲೆ ಅದುರಿದಾಗ ಹಾಗೆ ಕುಣಿಯಬೇಕಾದರೆ ಬೆಳಕು ಆರಿ ಆರಿ ಹತ್ತುತ್ತಿರಬೇಕು. ಎಂಬತ್ತೇಳಕ್ಕೆ ಅಷ್ಟು ಕಾಣಬಾರದು.

ಬೀರುವಿನಿಂದ ಪರದೆಯ ಕೈಪಿಡಿ ತೆಗೆದೆ. ಎರಡು ವರ್ಷ ಅದನ್ನು ಬಿಚ್ಚಿರಲಿಲ್ಲ. ಎಂಬತ್ತೇಳರ ಮುಂದೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: ಒಮ್ಮೆ ಬೆಸ ಸಾಲುಗಳು, ಮರುಸಲ ಸರಿ ಸಾಲುಗಳು. ಅಂದರೆ ಎರಡು ಅರ್ಧ ಚಿತ್ರಗಳನ್ನು ಎರಡು ಪೂರ್ತಿ ಚಿತ್ರಗಳೆಂದು ಎಣಿಸಿದ ಲೆಕ್ಕ. ಒಂದೊಂದು ಸಾಲು ಸೆಕೆಂಡಿಗೆ ಬೆಳಗುತ್ತಿದ್ದದ್ದು ನಲವತ್ಮೂರೂವರೆ ಸಲ. ಅರವತ್ತಕ್ಕಿಂತಲೂ ಕಡೆ. ತೆಳುವಾದ ಅಡ್ಡಗೆರೆಗಳಿಗೆ ಇದಕ್ಕಿಂತ ಕೆಟ್ಟದ್ದಿಲ್ಲ, ಸಿಗ್ನೆಯ ಪಟ್ಟಿಗಳಲ್ಲಿ ಇದ್ದದ್ದೆಲ್ಲ ಅಡ್ಡಗೆರೆಗಳೇ.

ಪೂರ್ತಿ ಚಿತ್ರವನ್ನು ಎಪ್ಪತ್ತೆರಡು ಸಲ ಮೂಡಿಸಲು ಆ ಪರದೆಗೆ ಶಕ್ತಿಯಿತ್ತು, ಆದರೆ ಅಕ್ಷರ ದೊಡ್ಡದಾಗಿ ಪಟ್ಟಿ ಅರ್ಧವೇ ಕಾಣುತ್ತಿತ್ತು. ಆದರೂ ಎಪ್ಪತ್ತೆರಡನ್ನೇ ಇಟ್ಟೆ. ಸಿಗ್ನೆ ಕೂತು ನೋಡಿದಳು, ಗಾಜಿನ ಮೇಲೆ ಅಂಗೈ ಇಟ್ಟಳು.

"ನಿಂತ್ಬಿಡ್ತು" ಎಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಧಿಕಾರಿ ಹೋಲ್ಗೆರ್‌ಗೆ ಹೇಳಿದೆ. "ಈಗ ಸರಿಹೋಯ್ತಲ್ಲ, ಸುಮ್ನಿರು ಮಾರಾಯ. ಕಾಗದ ಎಲ್ಲ ಆಗ್ಲೇ ತಯಾರಾಗಿದೆ. ನೀನ್ಯಾಕೆ ನಿನ್ನ ಕೊರಳಿಗೆ ಹಗ್ಗ ಹಾಕ್ಕೊಳ್ತೀಯ?" ಎಂದ. ಸುಮ್ಮನಿರಲು ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಗುರುವಾರವೆಲ್ಲ ಸುಮ್ಮನೇ ಇದ್ದೆ.

ಶುಕ್ರವಾರ ಸಭೆಯಲ್ಲಿ ನೌಕರರ ಸಂಘದ ಪ್ರತಿನಿಧಿ ಪೆನ್ನನ್ನು ಸಿಗ್ನೆಯ ಕಡೆಗೆ ಸರಿಸಿದಳು. ಸಿಗ್ನೆ ನನ್ನ ಕಡೆ ನೋಡಲಿಲ್ಲ. ಪೆನ್ನು ತೆಗೆದುಕೊಂಡಳು. ಆಗ ಎದ್ದು ನಿಂತೆ.

"ಸಹಿ ಹಾಕಬೇಡ ಕಣೇ" ಎಂದು ಉಳಿದವರ ಕಡೆ ತಿರುಗಿದೆ. "ಅವಳಿಗೇನೂ ಆಗಿಲ್ಲ. ತಪ್ಪು ನಂದು. ಕೈಪಿಡಿ ಓದದೇ ಎಂಬತ್ತೇಳು ಇಟ್ಟೆ, ಓದದೇ ಬರೆದುಕೊಟ್ಟೆ" ಎಂದು ಎಲ್ಲವನ್ನೂ ಹೇಳಿದೆ.

ಕಾಗದ ವಾಪಸಾಯಿತು. ಸೋಮವಾರದಿಂದ ಕೆಲಸಕ್ಕೆ ಬಾ ಎಂದರು. ಹೊರಗಿನ ಕಾರಿಡಾರಿನಲ್ಲಿ ಅವಳ ಮುಂದೆ ನಿಂತು ಕ್ಷಮೆ ಕೇಳಿದೆ. ಅವಳು ಬೈಯಲಿ ಎಂದು ಕಾದೆ.

"ನಾನೂ ನಂಬಿಬಿಟ್ಟಿದ್ದೆ ಕಣೋ, ತಲೆ ಕೆಟ್ಟಿದೆ ಅಂತ" ಎಂದಳು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಮಗಳಿಗೆ ಹೋದ ವರ್ಷ ಕೂಸಾಯ್ತು. ನಾನು ಮುಟ್ಟಿಲ್ಲ. ಎಲ್ಲಿ ಎತ್ತಿ ಬೀಳಿಸ್ತೀನೋ ಅಂತ ಭಯ. ಅವಳು ಕೂಸನ್ನ ನನ್ನ ಮುಂದೆ ಹಿಡಿದಾಗೆಲ್ಲ ಕೈ ಹಿಂದೆ ಕಟ್ಕೊಂಡು ನಿಲ್ತಿದ್ದೆ."

"ಇವತ್ತೇ ಹೋಗಿ ಎತ್ಕೋ."

"ಹೋಗ್ತೀನಿ" ಎಂದಳು. "ಆದ್ರೆ ಅದಕ್ಕೀಗ ನಡೆಯೋದು ಬಂದಿದೆ ಟೂರ್ಗ್ನಿ. ಯಾರು ಎತ್ಕೊಂಡ್ರೂ ಇಳಿಸು ಅಂತ ಒದ್ದಾಡತ್ತೆ."