ಮೊದಲ ಸಾಲಿನ ಕರೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ನೆಟ್ಟಕ್ಕ ಅಂತಲೇ ಕರೆಯುತ್ತಿದ್ದರು. ಇಡೀ ಕಟ್ಟಡದ ಇಂಟರ್ನೆಟ್ ನೋಡಿಕೊಳ್ಳುವುದು ಅವಳ ಕೆಲಸ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ಕಟ್ಟಡದ ನೆಟ್ಟೆಲ್ಲ ಹಾದುಹೋಗುವ, ಸದಾ ಗುಯ್‌ಗುಡುವ ಒಂದು ಲಿನಕ್ಸ್ ಕಂಪ್ಯೂಟರ್ ಪೆಟ್ಟಿಗೆ. ನೆಟ್ ಕೆಟ್ಟರೆ ಮಾತ್ರ ಜನಕ್ಕೆ ಅವಳ ನೆನಪು. ಎಲ್ಲ ಸರಿಯಿದ್ದ ವಾರಗಳಲ್ಲಿ ಅವಳು ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಒಂದು ದಿನ ಹಿರಿಯ ನರ್ಸ್ ಮೆಟ್ಟಿಲಿಳಿದು ಬಂದರು. ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿಯೊಬ್ಬರು ದಿನಾ ಮಧ್ಯಾಹ್ನ ಮೂರಕ್ಕೆ ಮಗಳಿಗೆ ವಿಡಿಯೊ ಕರೆ ಮಾಡುತ್ತಾರಂತೆ. ಮಗಳಿಗೆ ಬಿಡುವು ಸಿಗುವುದೇ ಆಗ. ಆದರೆ ಅಜ್ಜಿಯ ಮಾತು ಅತ್ತ ತುಂಡುತುಂಡಾಗಿ ಕೇಳುತ್ತದಂತೆ.

ಕಾರಣ ಬೇಗ ಸಿಕ್ಕಿತು. ಮೂರಕ್ಕೇ ಸ್ಕ್ಯಾನ್ ವಿಭಾಗದವರು ದಿನದ ಚಿತ್ರಗಳನ್ನೆಲ್ಲ ಹೊರಗಿನ ತಜ್ಞರಿಗೆ ಕಳಿಸುತ್ತಿದ್ದರು. ಆನೆ ಗಾತ್ರದ ಆ ಫೈಲುಗಳ ಹಿಂದೆ ಅಜ್ಜಿಯ ಮಾತೂ ಅದೇ ಸಾಲಿನಲ್ಲಿ ಕಾಯಬೇಕಿತ್ತು. ನೆಟ್ಟಕ್ಕ ಪೆಟ್ಟಿಗೆಯೊಳಗೆ ಮೂರು ಸಾಲು ಮಾಡಿದಳು: ಮೊದಲನೆಯದು ಕರೆಗಳಿಗೆ, ಎರಡನೆಯದು ವೈದ್ಯರ ದಿನನಿತ್ಯದ ಕೆಲಸಕ್ಕೆ, ಕೊನೆಯದು ಚಿತ್ರಗಳಿಗೆ. ಮುಂದಿನ ಸಾಲು ಖಾಲಿಯಾಗದೆ ಹಿಂದಿನದು ಕದಲುವಂತಿಲ್ಲ.

ಮರುದಿನವೂ ಹಳೇ ರಾಗವೇ. ತಲೆ ಕೆರೆದುಕೊಂಡು ಕೂತವಳಿಗೆ ಸಂಜೆ ಹೊಳೆಯಿತು. ಅವಳ ಪೆಟ್ಟಿಗೆಯಲ್ಲಿ ಸಾಲು ನಿಲ್ಲುತ್ತಲೇ ಇರಲಿಲ್ಲ, ಬಂದದ್ದನ್ನೆಲ್ಲ ಅದು ಬಂದ ಹಾಗೇ ಆಚೆ ದಾಟಿಸುತ್ತಿತ್ತು. ನೂಕುನುಗ್ಗಲು ಆಗುತ್ತಿದ್ದದ್ದು ಅದರಾಚೆ, ಇಂಟರ್ನೆಟ್ ಲೈನ್ ಕೊಟ್ಟ ಕಂಪನಿಯ ಮೋಡೆಮಿನಲ್ಲಿ. ಅಲ್ಲಿ ಅವಳ ಆಟ ನಡೆಯದು. ತನ್ನ ಪೆಟ್ಟಿಗೆಯ ವೇಗವನ್ನೇ ಲೈನಿಗಿಂತ ಒಂಚೂರು ತಗ್ಗಿಸಿದಳು. ಈಗ ಎಲ್ಲರೂ ಅವಳ ಬಾಗಿಲಲ್ಲೇ ಕಾಯಬೇಕು, ಯಾರು ಮುಂದೆ ಅನ್ನುವುದು ಅವಳ ಕೈಯಲ್ಲಿ.

ಮಾರನೇ ದಿನ ಮೂರಕ್ಕೆ ವೈರು ನೋಡುವ ನೆಪದಲ್ಲಿ ವಾರ್ಡಿಗೆ ಹೋದಳು. "ಇವತ್ತು ಪೂರ್ತಿ ಕೇಳಿಸ್ತಾ?" ಎಂದು ಅಜ್ಜಿ ಮಗಳನ್ನು ಕೇಳುತ್ತಿದ್ದರು. "ಹಾಗಾದ್ರೆ ನೀನು ಹೊಸ ಫೋನ್ ತಗೊಂಡಿದೀಯ. ನನ್ನ ಹತ್ರ ಮುಚ್ಚಿಡ್ಬೇಡ." ಅಮ್ಮ ಮಗಳು ನಗುತ್ತಲೇ ಇದ್ದರು. ಗೋಡೆ ಪಕ್ಕ ನಿಂತವಳ ಕಡೆ ಅಜ್ಜಿ ತಿರುಗಲಿಲ್ಲ. ತಿರುಗಬೇಕಾದ ಕಾರಣವೂ ಇರಲಿಲ್ಲ ಅಂದುಕೊಂಡು ಅವಳು ಕೆಳಗಿಳಿದಳು.

ಕೋಣೆಗೆ ಬಂದು ತಮ್ಮನಿಗೆ ವಿಡಿಯೊ ಕರೆ ಮಾಡಿದಳು. ಅವನಿದ್ದದ್ದು ದೂರದ ಊರಲ್ಲಿ. ಅವಳಿಗೆ ಒಡಹುಟ್ಟಿದವನು ಅಂತ ಇದ್ದವನು ಅವನೊಬ್ಬನೇ. ಮೂರು ನಾಲ್ಕು ತಿಂಗಳಿಗೊಮ್ಮೆ ಮಾತಾಡಿದರೂ, ಲೈನ್ ಕಿತ್ತುಹೋಗಿ ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು. ಇವತ್ತು ಅವನ ಕಿವಿಯ ಪಕ್ಕದ ಬಿಳಿಕೂದಲೂ ಕಂಡಿತು. ಊಟ ಆಯ್ತಾ ಅಂತ ಅವಳು ಕೇಳಿದಳು, ಆಯ್ತು ಅಂದ. ಕೆಲಸ ಹೇಗಿದೆ ಅಂತ ಅವನು ಕೇಳಿದ, ನಡೀತಿದೆ ಅಂದಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಅವನ ಮನೆಯ ಗಡಿಯಾರದ ಟಿಕ್‌ಟಿಕ್ ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.

"ಲೈನ್ ಕಟ್ ಆಗ್ತಿದೆ ಅಕ್ಕ," ಎಂದ ಅವನು. "ಆಮೇಲೆ ಮಾಡ್ತೀನಿ."

ಪರದೆಯ ಮೇಲಿನ ಲೆಕ್ಕ ಅವಳ ಕಣ್ಣೆದುರೇ ಇತ್ತು: ಕರೆಗಳ ಮೊದಲ ಸಾಲಿನಲ್ಲಿ ದಾರಿಯಲ್ಲಿ ಬಿದ್ದುಹೋದ ಮಾತಿನ ತುಣುಕು ಸೊನ್ನೆ.

"ಹೌದು ಕಣೋ, ಕಟ್ ಆಗ್ತಿದೆ. ಇಡು," ಎಂದಳು.

ಅವನು ಮತ್ತೆ ಮಾಡಲಿಲ್ಲ. ಭಾನುವಾರದವರೆಗೆ ಕಾದು ಅವಳೇ ಮಾಡಿದಳು. ಏನು ಕೇಳಬೇಕು ಅಂತ ಮೊದಲೇ ಯೋಚಿಸಿಟ್ಟುಕೊಂಡಿದ್ದಳು. ಹಿಂದೊಮ್ಮೆ ಅವನು ಹೇಳಿದ್ದ ಹಲ್ಲುನೋವು ಹೇಗಿದೆ ಅಂತ ಕೇಳಿದಳು.

"ಅದನ್ನ ಕೀಳಿಸಿ ಎರಡು ತಿಂಗಳಾಯ್ತಕ್ಕ."

ಅವಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. "ಯಾವ ಕಡೇದು?" ಎಂದಳು. ಅವನು ಬಾಯಿ ತೆರೆದು ತೋರಿಸಿದ.