ಅಲ್ಲಾಭಕ್ಷನ ಮೂರು ಕೊಳವೆಗಳು

ಸವಣೂರಿನ ಹೆರಿಗೆ ಕೇಂದ್ರದ ನರ್ಸು, ಊರವರು ಬಾಯಾರು ಎಂದು ಕರೆಯುವ ಸುಶೀಲವ್ವನಿಗೆ ಕಿವಿ ಮಂದವಾಗಿತ್ತು. ೧೯೫೮ರ ಮಳೆಗಾಲದಲ್ಲಿ ಬಂದ ವಿಷಮಜ್ವರ ಇಳಿಯುವಾಗ ಕಿವಿಯ ಅರ್ಧ ಶಕ್ತಿಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಎದುರು ನಿಂತು ಆಡಿದ ಮಾತು ಕೇಳುತ್ತಿತ್ತು, ಪಿಸುಮಾತು ಕೇಳುತ್ತಿರಲಿಲ್ಲ. ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಗೊತ್ತಾದರೆ ನೌಕರಿಗೆ ಎಳ್ಳುನೀರು. ಗಂಡ ತೀರಿಹೋದವಳು ಅಬಲೂರಿನ ತವರಿಗೆ ಹೋಗಿ ಅತ್ತಿಗೆ ಬಡಿಸಿದಷ್ಟು ಉಂಡು ಬದುಕಬೇಕಾಗುತ್ತಿತ್ತು.

ನರ್ಸಿಗೆ ಕಣ್ಣು ಮಂದವಾದರೆ ಚಾಳೀಸು ಹಾಕಿಕೊಂಡು ಹೇಗೋ ನಡೆಯುತ್ತದೆ. ಬಸುರಿಯ ಹೊಟ್ಟೆಯೊಳಗಿನ ಕೂಸನ್ನು ಮಾತ್ರ ಕಿವಿಯಿಂದಲೇ ನೋಡಬೇಕು. ಒಂದು ಗೇಣುದ್ದದ ಕೊಳವೆ, ಅದರ ಅಗಲ ಬಾಯಿಯನ್ನು ಕೂಸಿನ ಬೆನ್ನಿರುವ ಕಡೆ ಹೊಟ್ಟೆಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕೈ ಬಿಟ್ಟು, ಉಸಿರು ಹಿಡಿದು ಕೇಳಬೇಕು. ನಿಮಿಷಕ್ಕೆ ನೂರಿಪ್ಪತ್ತರಿಂದ ನೂರರವತ್ತು ಬಡಿತ ಕೇಳಿದರೆ ಕೂಸು ಸುಖವಾಗಿದೆ. ಬಡಿತ ಇಳಿದರೆ ಕೂಸು ಕಷ್ಟದಲ್ಲಿದೆ. ಸುಶೀಲವ್ವನಿಗೆ ಈಗ ಕೇಳುತ್ತಿದ್ದುದು ತನ್ನ ಕಿವಿಯದೇ ಗುಂಯ್ ಸದ್ದು.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಸರಕಾರ ಕೊಟ್ಟ ಅಲ್ಯುಮಿನಿಯಮ್ ಕೊಳವೆ ಸರಿಯಿಲ್ಲ ಎಂದಳು ಸುಶೀಲವ್ವ. ಲೋಹ ತಣ್ಣಗಿರುತ್ತದೆ, ಹೊಟ್ಟೆಗೆ ಹಚ್ಚಿದರೆ ಬಸುರಿಯರು ಬೆಚ್ಚುತ್ತಾರೆ ಎನ್ನುವುದು ಅವಳ ತಕರಾರು. ಅದು ಸುಳ್ಳೂ ಅಲ್ಲ. ಕಟ್ಟಿಗೆಯದಾದರೆ ವಾಸಿ ಎಂದು, ತಿರುಗಣೆಯಲ್ಲಿ ಕಟ್ಟಿಗೆ ಕಡೆಯುವ ಅಲ್ಲಾಭಕ್ಷನ ಹತ್ತಿರ ಹೋದಳು. ಅಲ್ಲಿಯತನಕ ರಿಜಿಸ್ಟರಿನಲ್ಲಿ ಬಂದ ಬಸುರಿಯರಿಗೆಲ್ಲ ೧೪೦ ಎಂದು ಬರೆದಳು. ಸವಣೂರಿನ ಕೂಸುಗಳೆಲ್ಲ ಮಾತಾಡಿಕೊಂಡವರ ಹಾಗೆ ನೂರಾನಲವತ್ತೇ ಬಡಿಯುತ್ತಿದ್ದವು.

ಅಲ್ಲಾಭಕ್ಷ ತೊಟ್ಟಿಲ ಕಾಲು, ಲಟ್ಟಣಿಗೆ, ಬುಗುರಿ ಕಡೆಯುವವನು. ಅವನ ಅಪ್ಪ ನವಾಬರ ಮಂಚಗಳಿಗೆ ಕಾಲು ಕಡೆದವನು. ಮೊದಲು ಸಾಗವಾನಿಯ ಕೊಳವೆ ಮಾಡಿಕೊಟ್ಟ. ತೂತು ಸಣ್ಣದಾಯಿತು ಎಂದು ಸುಶೀಲವ್ವ ತಿರುಗಿ ಕೊಟ್ಟಳು. ಶಿವನಿ ಮರದ್ದು ಮಾಡಿದ. ಬಾಯಿ ಅಗಲ ಸಾಲದು ಎಂದಳು. ಮೂರನೆಯದು ಹಾಲೆ ಮರದ್ದು, ಹಾಲಿನ ಕೆನೆಯಷ್ಟು ನುಣುಪು. ಅದನ್ನು ಕೊಡುವಾಗ ಅವನ ಮುಖ ಇಳಿದಿತ್ತು.

"ತೂತು ಕೂದಲೆಳಿಯಷ್ಟೂ ಅತ್ತಾಗ ಇತ್ತಾಗ ಆಗಿಲ್ರಿ, ಬಾಯಾರ. ಇದೂ ಸರಿ ಇಲ್ಲಂದ್ರ ನನ್ನ ಕೈನ ಕೆಟ್ಟೈತಿ ಅಂತ ತಿಳೀತೇನಿ."

"ನೋಡೂಣು ಇಡು, ಅಲ್ಲಾಭಕ್ಷಣ್ಣಾ" ಎಂದಳು ಸುಶೀಲವ್ವ. ಕೊಳವೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಮರುದಿನ ಸದ್ದು ಸರಿಯಾಗಿ ಬರವಲ್ದು ಎಂದು ಹೇಳಿಕಳಿಸಿದಳು. ಅವತ್ತಿನಿಂದ ಅವನು ತಿರುಗಣೆ ಮುಟ್ಟಲಿಲ್ಲ. ಕಡೆಯಲು ಬಂದ ಕೆಲಸವನ್ನೆಲ್ಲ ಬಂಕಾಪುರದವರ ಕಡೆ ಕಳಿಸತೊಡಗಿದ.

ಕೇಂದ್ರದಲ್ಲಿ ಸುಶೀಲವ್ವನ ಜೊತೆ ಇದ್ದವಳು ಸೂಲಗಿತ್ತಿ ಚೌಡವ್ವ. ಮೂವತ್ತು ವರ್ಷ ಹೆರಿಗೆ ಮಾಡಿಸಿದ ಮುದುಕಿ. ಅವಳ ಒಂದು ಚಟ ನರ್ಸಿಗೆ ಸೇರುತ್ತಿರಲಿಲ್ಲ. ನರ್ಸು ನೋಡಿ ಮುಗಿಸಿದ ಮೇಲೆ ಚೌಡವ್ವ ಎಣ್ಣೆಬಟ್ಟಲು ಹಿಡಿದು ಬಂದು ಬಸುರಿಯ ಹೊಟ್ಟೆ ನೀವುತ್ತ ಅದರ ಮೇಲೇ ತಲೆಯಿಟ್ಟು ಬಿಡುತ್ತಿದ್ದಳು. "ಹೊಟ್ಟಿ ಏನು ನಿನ್ನ ತಲಿದಿಂಬ ಏನು?" ಎಂದು ಸುಶೀಲವ್ವ ಎಷ್ಟೋ ಸಲ ಬೈದಿದ್ದಳು. ಮುದುಕಿ ಬೈಗುಳವನ್ನು ಸೆರಗಿನಿಂದ ಒರೆಸಿಕೊಂಡು ಮುಂದಿನ ಬಸುರಿಯ ಕಡೆ ಹೋಗುತ್ತಿದ್ದಳು.

ಅಲ್ಲಾಭಕ್ಷನ ಹೆಂಡತಿ ಮರಿಯಮಬಿಗೆ ಹೆರಿಗೆಯ ಬ್ಯಾನೆ ಶುರುವಾದದ್ದು ಒಂದು ಸೋಮವಾರ ಬೆಳಗ್ಗೆ. ಎರಡು ಕೂಸು ಕಳೆದುಕೊಂಡವಳು ಅವಳು. ಎರಡೂ ಒಂಬತ್ತು ತಿಂಗಳು ತುಂಬಿ, ಉಸಿರಿಲ್ಲದೆ ಬಂದಿದ್ದವು. ಡಾಕ್ಟರು ಹಾನಗಲ್ಲಿನ ಕ್ಯಾಂಪಿಗೆ ಹೋಗಿದ್ದರು. ಸುಶೀಲವ್ವ, ಚೌಡವ್ವ ಇಬ್ಬರೂ ಚೀಲ ಹಿಡಿದು ಅವನ ಮನೆಗೆ ಹೋದರು. ಅಲ್ಲಾಭಕ್ಷ ಹೊರಪಡಸಾಲೆಯಲ್ಲಿ ತಣ್ಣಗೆ ನಿಂತ ತಿರುಗಣೆಯ ಪಕ್ಕ ಕುಳಿತ.

ಸುಶೀಲವ್ವ ಹಾಲೆ ಮರದ ಕೊಳವೆ ಹಚ್ಚಿ ಕಿವಿ ಕೊಟ್ಟಳು. ಗುಂಯ್. ಜಾಗ ಬದಲಿಸಿದಳು. ಮತ್ತೆ ಗುಂಯ್. ಮರಿಯಮಬಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಐತೇನ್ರಿ, ಬಾಯಾರ? ಈ ಸಲ ಐತೇನ್ರಿ?"

ನೂರಾನಲವತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಹೆಣ್ಣಿನ ಕಣ್ಣು ನೋಡಿ ಅದನ್ನು ಆಡದೆ ಕೊಳವೆಯಿಂದ ಕಿವಿ ತೆಗೆದಳು. ಆಗ ಚೌಡವ್ವ ಮಗ್ಗುಲಿಗೆ ಬಂದು ಕೊಳವೆಗೆ ಕೈ ಚಾಚಿದಳು.

"ಕೇಳೂದು ನಾ ಕೇಳ್ತೇನಿ, ಎಣಸೂದು ನೀವು ಎಣಸ್ರಿ. ನನಗ ಇಪ್ಪತ್ತರ ಮ್ಯಾಲ ಲೆಕ್ಕ ಬರೂದಿಲ್ಲ. ಕೈ ತರ್ರಿ ಇಲ್ಲಿ."

ಸುಶೀಲವ್ವನ ಎಡಗೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕೊಳವೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಕೇಳಿದ ಒಂದೊಂದು ಬಡಿತಕ್ಕೂ ನರ್ಸಿನ ಅಂಗೈ ಮೇಲೆ ಬೆರಳಿನಿಂದ ಕುಟ್ಟತೊಡಗಿದಳು. ಸುಶೀಲವ್ವ ಬಲಗೈಯ ಗಡಿಯಾರದ ಸೆಕೆಂಡು ಮುಳ್ಳು ನೋಡುತ್ತ ಎಣಿಸಿದಳು. ನೂರಾ ಮೂವತ್ತಾರು. ಒಂದು ವರ್ಷದ ಮೇಲೆ ಅವಳ ಕೈಗೆ ಸಿಕ್ಕ ಮೊದಲ ಖರೆ ಲೆಕ್ಕ ಅದು.

"ಐತಿ, ತಂಗಿ. ಚಲೋ ಐತಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಬ್ಯಾನೆ ಬಿರುಸಾಯಿತು. ಪ್ರತಿ ಬ್ಯಾನೆ ಇಳಿದ ಕೂಡಲೇ ಚೌಡವ್ವ ಕೇಳುವಳು, ಅಂಗೈಗೆ ಕುಟ್ಟುವಳು, ಸುಶೀಲವ್ವ ಎಣಿಸುವಳು. ಒಮ್ಮೆ ಬೆರಳು ನಿಧಾನವಾಯಿತು. ತೊಂಬತ್ತೆರಡು. ಮರಿಯಮಬಿಯನ್ನು ಎಡಮಗ್ಗುಲಿಗೆ ಹೊರಳಿಸಿದರು. ಬೆರಳು ಮತ್ತೆ ಚುರುಕಾಯಿತು. ಕೂಸಿನ ತಲೆ ಕಾಣಿಸಿಕೊಂಡ ಮೇಲೆ ಬೆರಳು ತೀರ ಬಿಟ್ಟು ಬಿಟ್ಟು ಬೀಳತೊಡಗಿತು. ಎಪ್ಪತ್ತು. ಬ್ಯಾನೆ ಇಳಿದರೂ ಎಪ್ಪತ್ತೇ. ಇನ್ನು ಕಾಯುವ ಹಾಗಿರಲಿಲ್ಲ. ಸುಶೀಲವ್ವನ ಕೈ ತನ್ನ ಕೆಲಸ ಮರೆತಿರಲಿಲ್ಲ. ಕತ್ತರಿ ಹಿಡಿದು ಸಣ್ಣದಾಗಿ ಕೊಯ್ದು ದಾರಿ ಮಾಡಿದಳು. ಮುಂದಿನ ಬ್ಯಾನೆಗೆ ತಲೆ ಹೊರಬಂತು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿಗಿದಿತ್ತು. ಅದನ್ನು ಅಲ್ಲೇ ಕಟ್ಟಿ ಕತ್ತರಿಸಿ ಕೂಸನ್ನು ಎಳೆದುಕೊಂಡಳು.

ಹೆಣ್ಣುಕೂಸು, ನೀಲಿಗಟ್ಟಿತ್ತು. ಬಾಯಿ ಒರೆಸಿ ಬೆನ್ನು ತಿಕ್ಕಿದಳು. ಮತ್ತೂ ತಿಕ್ಕಿದಳು. ಕೂಸು ಕೈಕಾಲು ಜಾಡಿಸಿ ಕಿರಿಚಿತು. ಆ ಕಿರಿಚಾಟ ಸುಶೀಲವ್ವನ ಮಂದಗಿವಿಗೂ ಸಾಕಷ್ಟು ದೊಡ್ಡದಾಗಿತ್ತು. ಬೆಳಗ್ಗೆ ಬಾಯಿಗೆ ಬಂದ ನೂರಾನಲವತ್ತನ್ನು ಆಡಿಬಿಟ್ಟಿದ್ದರೆ ಈ ದನಿ ಇರುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊಲಿಗೆ ಹಾಕಿ, ತಾಯಿ ಮಗುವನ್ನು ಮಲಗಿಸಿ, ಹಿತ್ತಿಲಲ್ಲಿ ಕೈ ತೊಳೆಯುವಾಗ ಸುಶೀಲವ್ವ ಕೇಳಿದಳು.

"ಯಾವಾಗ ಗೊತ್ತಾತು ನಿನಗ?"

"ಹ್ವಾದ ವರ್ಷ ದೀಪಾವಳ್ಯಾಗ. ನಿಮ್ಮ ಹಿಂದ ನಿಂತು ಮೂರು ಸಲ ಕರದೆ. ನೀವು ತಿರುಗಿ ನೋಡಲಿಲ್ಲ."

ಸುಶೀಲವ್ವನ ಕೈ ನಿಂತಿತು. "ಅದಕ್ಕನ ಎಣ್ಣಿ ಹಚ್ಚಿ ಹಚ್ಚಿ ಎಲ್ಲಾರ ಹೊಟ್ಟಿ ಮ್ಯಾಲ..."

"ಹೂಂ. ಎಲ್ಲಾರವೂ ಕೇಳೇನಿ. ಯಾವುದೂ ಬಿಟ್ಟಿಲ್ಲ."

"ಡಾಕ್ಟರಿಗೆ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನಿಮ್ಮನ್ನ ಕಳಸ್ತಿದ್ರು. ಹೊಲಿಗಿ ಹಾಕೂದು, ರಗತ ನಿಲ್ಲಸೂದು ನನಗ ಬರತೈತೇನು? ಕಿವಿ ನನ್ನ ಹಂತ್ಯಾಕ ಎರಡದಾವ. ಒಂದು ನಿಮಗ ಕೊಟ್ಟರ ನನ್ನ ಗಂಟೇನು ಹೋಗ್ತೈತಿ?"

ಸುಶೀಲವ್ವ ಒದ್ದೆ ಕೈಯಲ್ಲೇ ಮುದುಕಿಯ ಎರಡೂ ಕೈ ಹಿಡಿದುಕೊಂಡಳು. ಒಂದು ವರ್ಷ ತಾನು ಬೈದದ್ದೆಲ್ಲ ನೆನಪಾಗಿ ನಾಚಿಕೆಯೂ, ಜನ್ಮ ಕೊಟ್ಟ ತಾಯಿ ಮಾಡದ್ದನ್ನು ಇವಳು ಮಾಡಿದಳಲ್ಲ ಎಂಬ ಉಪಕಾರದ ಭಾರವೂ ಒಟ್ಟಿಗೇ ಉಕ್ಕಿ ಬಂದವು. "ನಾಳೆ ಡಾಕ್ಟರಿಗೆ ನಾನ ಹೇಳ್ತೇನಿ. ಇಟ್ಟರ ಇಬ್ಬರನ್ನೂ ಕೂಡೇ ಇಡ್ರಿ ಅಂತೇನಿ" ಎಂದಳು.

"ನಾನೂ ಬರ್ತೇನಿ ತಗೋರಿ. ಅವರು ಮೆಲ್ಲಕ ಮಾತಾಡಿದ್ರ ನಿಮಗ ಯಾರು ಹೇಳಬೇಕು?"

ಇಬ್ಬರೂ ಹೊರಡಲು ಪಡಸಾಲೆಗೆ ಬಂದರು. ಅಲ್ಲಾಭಕ್ಷ ಎದ್ದು ನಿಂತ. ಮಗಳ ಸುದ್ದಿ ಕೇಳಿಯೂ ಅವನು ಅಳಲಿಲ್ಲ, ನಗಲಿಲ್ಲ. ಎರಡು ಸಲ ಹಾಲಿಗೆ ಬಾಯಿ ಸುಟ್ಟುಕೊಂಡವನು, ಮಜ್ಜಿಗೆಯನ್ನೂ ಊದಿ ಕುಡಿಯುವವನು. ಎದೆಯ ಮೇಲೆ ಕೈಯಿಟ್ಟು ಹೇಳಿದ.

"ಅಲ್ಲಾ ನಿಮ್ಮ ಕಿವಿ ಚಂದ ಇಡ್ಲಿ, ಬಾಯಾರ."

ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು. ಸುಶೀಲವ್ವ ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

"ನನ್ನ ಕಿವಿ ಕೆಟ್ಟು ವರ್ಷ ಆತು, ಅಲ್ಲಾಭಕ್ಷಣ್ಣಾ. ಇವತ್ತು ಕೇಳಿದ್ದು ಚೌಡವ್ವ. ನೀ ಮಾಡಿದ ಕೊಳವಿಯೊಳಗ ಕೇಳಿದ್ಲು."

ಅವನು ತಿರುಗಣೆಯ ಕಡೆ ನೋಡಿದ.

"ಹಂಗಾರ ಮೊದಲ ಮಾಡಿದ ಆ ಎರಡು?"

"ಅವೂ ಸರಿ ಇದ್ದವು. ಮೂರೂ ಸರಿ ಇದ್ದವು. ತಪ್ಪು ನಂದು."

ಅಲ್ಲಾಭಕ್ಷ ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡ. ಆಮೇಲೆ ಅವನ್ನೇ ಮುಖಕ್ಕೆ ಮುಚ್ಚಿಕೊಂಡು, ಓಣಿಯ ಜನರೆದುರೇ, ಅತ್ತುಬಿಟ್ಟ.